ಪೆನ್ನು ಜೇಬಲ್ಲೇ ಇರಲಿ

ಚಿಕ್ಕಪ್ಪ 71ರ ಯುದ್ಧದಲ್ಲಿದ್ದವರು. ಹೋದ ವಾರ ಅವರೆದುರು ಮೊಬೈಲ್ ಹಿಡಿದು, ರೆಕಾರ್ಡ್ ಒತ್ತಿ, 'ಯುದ್ಧದ ಬಗ್ಗೆ ಏನಾದ್ರೂ ಹೇಳಿ ಚಿಕ್ಕಪ್ಪ' ಅಂದೆ. 'ಹೇಳೋಕೇನಿದೆ? ಹೋದ್ವಿ, ಬಂದ್ವಿ' ಅಂದವರೇ ಕಣದಲ್ಲಿ ಹರಡಿದ್ದ ಕಾಫಿ ಕೆದಕಲು ಎದ್ದುಹೋದರು.

ಆ ರಾತ್ರಿ ಸೋವಿಯತ್ ಲೇಖಕ ವಾಸಿಲಿ ಗ್ರಾಸ್‌ಮನ್ ಬಗ್ಗೆ ಓದುತ್ತಿದ್ದೆ. 1905ರಲ್ಲಿ ಉಕ್ರೇನಿನ ಬೆರ್ಡಿಚೆವ್‌ನಲ್ಲಿ ಹುಟ್ಟಿದ ಯಹೂದಿ. ಓದಿದ್ದು ರಸಾಯನಶಾಸ್ತ್ರ, ಹಿಡಿದದ್ದು ಕಥೆ ಬರೆಯುವ ಗೀಳು. 1941ರಲ್ಲಿ ಹಿಟ್ಲರನ ಸೇನೆ ನುಗ್ಗಿದಾಗ ತಾನೂ ಸೈನ್ಯಕ್ಕೆ ಸೇರುತ್ತೇನೆಂದು ಹೋದ. ಕನ್ನಡಕದ ಈ ಮನುಷ್ಯನಿಗೆ ಬಂದೂಕು ಕೊಡಲಿಲ್ಲ, ಸೈನ್ಯದ ಪತ್ರಿಕೆ 'ಕ್ರಾಸ್ನಾಯಾ ಜ್ವೆಜ್ದಾ'ಕ್ಕೆ ವರದಿಗಾರನಾಗಿ ಕಳಿಸಿದರು. ಸ್ಟಾಲಿನ್‌ಗ್ರಾಡ್, ಕುರ್ಸ್ಕ್, ಕೊನೆಗೆ ಬರ್ಲಿನ್.

ಸ್ಟಾಲಿನ್‌ಗ್ರಾಡ್‌ನಲ್ಲಿ ಗುರ್ತ್ಯೆವ್ ಅಂತ ಒಬ್ಬ ಡಿವಿಜನ್ ಕಮಾಂಡರ್ ಇದ್ದ. ಬಾಯಿ ಬಿಡದ ಆಸಾಮಿ. ಅಂಥವನು ಗ್ರಾಸ್‌ಮನ್ ಜೊತೆ ಆರು ಗಂಟೆ ಮಾತಾಡಿದನಂತೆ! ಗುಟ್ಟು ಇಷ್ಟೇ: ಎದುರಿಗೆ ಕೂತವರ ಮುಂದೆ ಗ್ರಾಸ್‌ಮನ್ ಪೆನ್ನು ತೆಗೆಯುತ್ತಿರಲಿಲ್ಲ. ಕೇಳಿದ್ದನ್ನೆಲ್ಲ ರಾತ್ರಿ ನೆನಪಿನಿಂದ ನೋಟ್‌ಬುಕ್ಕಿಗೆ ಇಳಿಸುತ್ತಿದ್ದ.

1944ರಲ್ಲಿ ನಾಜಿಗಳ ಸಾವಿನ ಶಿಬಿರ ಟ್ರೆಬ್ಲಿಂಕಾ ಬಗ್ಗೆ ಬರೆದ ವರದಿ, ನಾಜಿ ನಾಯಕರ ಮೇಲಿನ ನ್ಯೂರೆಂಬರ್ಗ್ ವಿಚಾರಣೆಯಲ್ಲೂ ಬಳಕೆಯಾಯಿತು. ಆದರೆ ಆತನ ತಾಯಿ 1941ರಲ್ಲೇ ಬೆರ್ಡಿಚೆವ್‌ನಲ್ಲಿ ನಾಜಿಗಳ ಗುಂಡಿಗೆ ಬಲಿಯಾಗಿದ್ದರು. ಸಮಯಕ್ಕೆ ಮಾಸ್ಕೋಗೆ ಕರೆಸಿಕೊಳ್ಳಲಿಲ್ಲ ಎಂಬ ಕೊರಗು ಮಗನನ್ನು ಬಿಡಲಿಲ್ಲ. 1950ರಲ್ಲಿ ಒಮ್ಮೆ, 1961ರಲ್ಲಿ ಮತ್ತೊಮ್ಮೆ ಸತ್ತ ಅಮ್ಮನಿಗೆ ಪತ್ರ ಬರೆದ. ಊರವರ ಬಾಯಿ ಬಿಡಿಸಿದವನಿಗೆ ಅಮ್ಮನ ಹತ್ತಿರ ಮಾತಾಡಲು ಉಳಿದದ್ದು ಅದೊಂದೇ ದಾರಿ.

ಅದೇ 1961ರಲ್ಲಿ ಸೋವಿಯತ್ ಗುಪ್ತ ಪೊಲೀಸ್ ಕೆಜಿಬಿಯವರು ಮನೆಗೆ ಬಂದು, ಯುದ್ಧದ ಬಗ್ಗೆ ಬರೆದ ದೊಡ್ಡ ಕಾದಂಬರಿಯ ಹಸ್ತಪ್ರತಿಯ ಜೊತೆ ಕಾರ್ಬನ್ ಹಾಳೆ, ಟೈಪ್‌ರೈಟರ್ ರಿಬ್ಬನ್ ಕೂಡ ಹೊತ್ತೊಯ್ದರು. 1964ರಲ್ಲಿ ಕ್ಯಾನ್ಸರ್‌ನಿಂದ ಸತ್ತ. ಗೆಳೆಯರ ಬಳಿ ಉಳಿದ ಪ್ರತಿಯಿಂದ ಪುಸ್ತಕ ಹೊರಬಂದದ್ದು 1980ರಲ್ಲಿ, ಅದೂ ಸ್ವಿಟ್ಜರ್ಲೆಂಡಿನಲ್ಲಿ.

ನಮ್ಮ ಕೊಡಗಿನಲ್ಲಿ ಮಿಲಿಟರಿಗೆ ಹೋದವರಿಲ್ಲದ ಊರು ಹುಡುಕಬೇಕು. ಕಾರ್ಯಪ್ಪ, ತಿಮ್ಮಯ್ಯ ಅಂದರೆ ಎದೆ ಉಬ್ಬುತ್ತದೆ. ತಿಮ್ಮಯ್ಯನವರ ಮನೆಯಾಗಿದ್ದ, ಈಗ ಮ್ಯೂಸಿಯಂ ಆಗಿರುವ ಮಡಿಕೇರಿಯ ಸನ್ನಿಸೈಡ್‌ಗೆ ಹೋಗಿ ಟ್ಯಾಂಕಿನ ಮುಂದೆ ಸೆಲ್ಫಿ ತೆಗೆಯುತ್ತೇವೆ (ನಾನೂ ತೆಗೆದಿದ್ದೇನೆ). ಹವಾಲ್ದಾರ್ ಆಗಿ ಪಿಂಚಣಿಗೆ ಬಂದು, ಕರಿಮೆಣಸು ಕುಯ್ಯುತ್ತಿರುವ ಪಕ್ಕದ ಮನೆಯವರ ಹತ್ತಿರ ಎಷ್ಟು ಜನ ಕೂತು ಕೇಳಿದ್ದೇವೆ? ಕೇಳಿದರೂ 'ಎಷ್ಟು ಜನರನ್ನ ಹೊಡೆದ್ರಿ?' ಅಂತ. ಅದು ಪ್ರಶ್ನೆಯಲ್ಲ, ಕೆಟ್ಟ ಚಪಲ.

ಮೊನ್ನೆ ಮೊಬೈಲ್ ಒಳಗಿಟ್ಟು ಚಿಕ್ಕಪ್ಪನ ಜೊತೆ ಕಣದಲ್ಲಿ ಕಾಫಿ ಎಳೆದೆ. ಅರ್ಧ ಗಂಟೆ ಮಾತಿಲ್ಲ. ಆಮೇಲೆ ತಾವಾಗಿಯೇ, 'ಒದ್ದೆ ಬೂಟು ಅಷ್ಟೂ ದಿನ ಬಿಚ್ಚಿರಲಿಲ್ಲ ಕಣೋ. ಬಿಚ್ಚಿದಾಗ ಸಾಕ್ಸ್ ಜೊತೆ ಚರ್ಮಾನೂ ಬಂತು' ಅಂದರು.

ಕೈ ಜೇಬಿನ ಕಡೆ ಹೋಯಿತು. ತಡೆದುಕೊಂಡು, 'ಯಾವ ಕಾಲು, ಚಿಕ್ಕಪ್ಪ?' ಅಂದೆ.