ವೈನ್ ಪಟ್ಟಿಯಲ್ಲಿ ‘ಒಗರು’ ಅಂತ ಬರೆಯಿರಿ

ಕಳೆದ ಜೂನ್‌ನಲ್ಲಿ ಅಕ್ಕ, ಭಾವ ಚಿಕ್ಕಬಳ್ಳಾಪುರದಿಂದ ಲಂಡನ್‌ಗೆ, ನಮ್ಮ ಮನೆಗೆ ಬಂದಿದ್ದರು. ಭಾವ ದ್ರಾಕ್ಷಿ ಬೆಳೆಗಾರರು. ಮನೆ ಹಿಂದೆಯೇ ಎರಡು ಎಕರೆ ಚಪ್ಪರ, ಪೂರ್ತಿ ಬೆಂಗಳೂರು ಬ್ಲೂ ಜಾತಿಯ ದ್ರಾಕ್ಷಿ. ಬಳ್ಳಿ ಯಾವಾಗ ಕತ್ತರಿಸಬೇಕು, ಮೋಡ ಕವಿದರೆ ಯಾವ ಔಷಧಿ ಹೊಡೆಯಬೇಕು, ಯಾವ ವಾರ ಕೊಯ್ದರೆ ಮಾರ್ಕೆಟ್ಟಿನಲ್ಲಿ ಬೆಲೆ ಸಿಗುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಆದರೆ ಊಟದ ಜೊತೆ ವೈನ್ ಕುಡಿದವರಲ್ಲ. ಅವರ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ಅದಕ್ಕೆ ನಾನು, ನನ್ನ ಹೆಂಡತಿ ಸೇರಿ ಅವರಿಬ್ಬರನ್ನೂ ಥೇಮ್ಸ್ ದಡದ ಒಂದು ಒಳ್ಳೆಯ ರೆಸ್ಟೋರೆಂಟಿಗೆ ಕರೆದುಕೊಂಡು ಹೋದೆವು.

ಮೆನು ಜೊತೆ ಇನ್ನೊಂದು ಹಾಳೆ ಬಂತು. ಗ್ಲಾಸಿನ ಲೆಕ್ಕದಲ್ಲಿ ಸಿಗುವ ಹದಿನಾಲ್ಕು ವೈನ್. ಪ್ರತಿಯೊಂದರ ಎದುರು ಎರಡು ಬೆಲೆ, 125 ಮಿ.ಲೀ.ಗೆ ಒಂದು, 175 ಮಿ.ಲೀ.ಗೆ ಒಂದು. ಕೆಳಗಡೆ, ಪೂರ್ತಿ ಊಟಕ್ಕೆ ಆರು ವೈನ್ ಹೊಂದಿಸಿ ಕೊಡುವ ‘ಪೇರಿಂಗ್’, ತಲೆಗೆ 75 ಪೌಂಡ್. ಭಾವ ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗೆ ಓದಿದರು.

“ನೋಡಪ್ಪಾ, ನಂಗೆ ಇದ್ರಲ್ಲಿ ಒಂದೂ ಗೊತ್ತಾಗಲ್ಲ. ನೀನೇ ಹೇಳಿಬಿಡು” ಅಂದರು.

ಪೇರಿಂಗ್ ಬೇಡ ಅಂದೆ. 125ರ ಗ್ಲಾಸು ಮೂರೇ ಮೂರು ಹೇಳಿದೆ, ನಾನು, ಭಾವ ಇಬ್ಬರೂ ಹಂಚಿಕೊಂಡು ಕುಡಿಯೋಣ ಅಂತ. ಮೊದಲು ಬೆಣ್ಣೆ ಸಾಸಿನಲ್ಲಿ ಬೆಂದ ಕಾಡ್ ಮೀನು ಬಂತು, ಅದರ ಜೊತೆ ಶಾಬ್ಲಿ ಅನ್ನುವ ಫ್ರಾನ್ಸಿನ ಬಿಳಿ ವೈನ್. ಭಾವ ಮೀನು ಮುಟ್ಟುವ ಮೊದಲೇ ಒಂದು ಗುಟುಕು ಕುಡಿದು ಕಣ್ಣು ಕಿರಿದು ಮಾಡಿದರು. “ಹುಳಿ!” ಅಂದರು. ಈಗ ಒಂದು ತುತ್ತು ಮೀನು ತಿಂದು ಕುಡೀರಿ ಭಾವ ಅಂದೆ. ತಿಂದರು, ಕುಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದರು.

“ಮೀನಿಗೆ ನಿಂಬೆಹಣ್ಣು ಹಿಂಡಿದಂಗಾಯ್ತು ಕಣಪ್ಪಾ. ಬೆಣ್ಣೆ ಜಿಡ್ಡೆಲ್ಲ ಹೋಯ್ತು.”

ಆಮೇಲೆ ಕುರಿಮರಿ ಮಾಂಸ, ಜೊತೆಗೆ ಫ್ರಾನ್ಸಿನದೇ ಬೋರ್ಡೋ ಕಡೆಯ ಕೆಂಪು ವೈನ್. ಬರೀ ವೈನ್ ಕುಡಿದಾಗ “ಕಾಯಿ ನೇರಳೆ ತಿಂದಂಗೆ ನಾಲಿಗೆ ಹಿಡಿಯುತ್ತೆ” ಅಂದರು. ಕೊಬ್ಬಿದ್ದ ಒಂದು ತುಂಡು ಬಾಯಿಗೆ ಹಾಕಿಕೊಂಡು ಮತ್ತೆ ಕುಡಿದರು. ಒಗರು ಎಲ್ಲಿ ಹೋಯ್ತು ಅಂತ ನನ್ನನ್ನೇ ಕೇಳಿದರು. ಅಕ್ಕ ವೈನ್ ಮುಟ್ಟುವವಳಲ್ಲ. ಆದರೂ ಕೊನೆಗೆ ಬಂದ ಹಂಗೇರಿಯ ಟೊಕಾಯ್ ಸಿಹಿ ವೈನನ್ನು ಮೂಗಿನ ಹತ್ತಿರ ಹಿಡಿದು, “ಜೇನುತುಪ್ಪ ಅಲ್ವೇನೋ ಇದು?” ಅಂದಳು.

ಹದಿನೇಳು ವರ್ಷದಿಂದ ನಾನು ಈ ಊರಲ್ಲಿದ್ದೇನೆ. ವೈನ್ ಬಗ್ಗೆ ಸಂಜೆ ತರಗತಿಗೂ ಹೋಗಿದ್ದೇನೆ. ಅಲ್ಲಿ ಕೆಂಪು ವೈನಿಗೆ ಒಗರು ತರುವ ಟ್ಯಾನಿನ್ ಅಂದರೆ ಏನು ಅಂತ ಅರ್ಥ ಮಾಡಿಸಲು ಮೇಷ್ಟ್ರು ಒಂದು ಗಂಟೆ ಒದ್ದಾಡಿದರು. ತುಂಬಾ ಹೊತ್ತು ನೆನೆಸಿಟ್ಟ ಟೀ ಕುಡಿಸಿದರು, ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿ ಅಂದರು. ಪಕ್ಕದಲ್ಲಿದ್ದವರು ಕೆಲವರು ಅದನ್ನು ಕಹಿ ಅಂತಲೇ ತಿಳಿದುಕೊಂಡರು. ನಮ್ಮ ಭಾವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಒಗರು ಅನ್ನುವ ಒಂದು ಮಾತು ನಮ್ಮಲ್ಲಿದೆ. ಬಾಳೆಕಾಯಿ ಕೊಯ್ದವರಿಗೆ, ಎಳೇ ಅಡಿಕೆ ಅಗಿದವರಿಗೆ, ನೆಲ್ಲಿಕಾಯಿ ಕಚ್ಚಿದವರಿಗೆ ಅದು ನಾಲಿಗೆಯಲ್ಲೇ ಇದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಅಂತ ಆರನ್ನೂ ಬೇರೆ ಬೇರೆ ಎಣಿಸುವ ಜನ ನಾವು. ವೈನನ್ನು ಊಟಕ್ಕೆ ಹೊಂದಿಸಲು ಬೇಕಾದ ಮುಖ್ಯ ವಿದ್ಯೆ ಇದೇ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದೂ ಅಡುಗೆಮನೆಯ ಲೆಕ್ಕವೇ. ಜಿಡ್ಡಿಗೆ ಹುಳಿ ಬೇಕು. ಬೋಂಡಾ ಜೊತೆ ಹುಳಿ ಚಟ್ನಿ ಇಡುವುದು ಅದಕ್ಕೇ ತಾನೆ? ಒಗರಿಗೆ ಮಾಂಸದ ಕೊಬ್ಬು, ಉಪ್ಪು ಸೇರಿದರೆ ಅದು ಮೆತ್ತಗಾಗುತ್ತದೆ. ಟ್ಯಾನಿನ್ ಬಾಯಿಯ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಅದಕ್ಕೇ ನಾಲಿಗೆ ಹಿಡಿದ ಹಾಗಾಗುತ್ತದೆ. ಮಾಂಸದ ತುತ್ತು ಬಾಯಲ್ಲಿದ್ದರೆ ಆ ಹಿಡಿತ ಸಡಿಲವಾಗುತ್ತದೆ. ಖಾರದ ಊಟಕ್ಕೆ ಒಗರು ವೈನ್ ಕೊಟ್ಟರೆ ಎರಡೂ ಕೆಡುತ್ತವೆ, ಅದರಲ್ಲಿ ಆಲ್ಕೋಹಾಲ್ ಜಾಸ್ತಿ ಇದ್ದರೆ ಬಾಯಿ ಇನ್ನೂ ಉರಿಯುತ್ತದೆ. ಅಂಥ ಊಟಕ್ಕೆ ಸ್ವಲ್ಪ ಸಿಹಿ ಇರುವ, ಹುಳಿಯೂ ಇರುವ, ಹಗುರವಾದ ವೈನ್ ಬೇಕು. ಜರ್ಮನಿಯ ಮೋಸೆಲ್ ಕಡೆಯ ರೀಸ್ಲಿಂಗ್ ಅನ್ನುವ ಬಿಳಿ ವೈನ್‌ಗಳಲ್ಲಿ ಕೆಲವದರಲ್ಲಿ ಆಲ್ಕೋಹಾಲ್ ಬರೀ 8, 9 ಪರ್ಸೆಂಟ್ ಇರುತ್ತದೆ. ಖಾರಕ್ಕೆ ಅವು ತುಂಬಾ ಚೆನ್ನಾಗಿ ಒಗ್ಗುತ್ತವೆ. ಇನ್ನು ಸಿಹಿತಿಂಡಿ. ಮೈಸೂರು ಪಾಕ್ ತಿಂದ ಮೇಲೆ ಕಾಫಿ ಕುಡಿದರೆ ಸಕ್ಕರೆ ಹಾಕಿದ್ದರೂ ಸಪ್ಪೆ ಅನಿಸುತ್ತದಲ್ಲ, ಹಾಗೆಯೇ. ವೈನಿನ ಸಿಹಿ ತಿಂಡಿಯ ಸಿಹಿಗಿಂತ ಒಂದು ಕೈ ಮೇಲಿರಬೇಕು. ಇಲ್ಲದಿದ್ದರೆ ಅದು ಬರೀ ಹುಳಿ ನೀರು.

ಇಷ್ಟು ಗೊತ್ತಿರುವವರು ನಾವು. ಹಾಗಿದ್ದೂ ಬೆಂಗಳೂರಿನ ಒಳ್ಳೊಳ್ಳೆ ರೆಸ್ಟೋರೆಂಟುಗಳಲ್ಲಿ ವೈನ್ ಹೇಳುವಾಗ ನನಗೆ ಯಾಕೆ ಇಷ್ಟು ಬೇಸರವಾಗುತ್ತದೆ?

ಹೋದ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಸ್ನೇಹಿತರ ಜೊತೆ ಇಂದಿರಾನಗರದ ಒಂದು ಕಡೆ ಊಟಕ್ಕೆ ಹೋಗಿದ್ದೆ. ದೀಪ, ತಟ್ಟೆ, ಅಡುಗೆ ಎಲ್ಲ ಬಹಳ ಚೆನ್ನಾಗಿತ್ತು. ಗ್ಲಾಸಿನ ಲೆಕ್ಕದಲ್ಲಿ ಏನಿದೆ ಅಂತ ಕೇಳಿದೆ. “ರೆಡ್ ಇದೆ, ವೈಟ್ ಇದೆ ಸರ್” ಅಂದ ಹುಡುಗ. ಯಾವ ದ್ರಾಕ್ಷಿಯದು ಅಂದರೆ ಒಳಗೆ ಹೋಗಿ ಕೇಳಿಕೊಂಡು ಬಂದ. ಬಂದ ಕೆಂಪು ವೈನ್ ಬೆಚ್ಚಗಿತ್ತು, ಕೊಯ್ದಿಟ್ಟು ಕಂದಾದ ಸೇಬಿನ ವಾಸನೆ ಬರುತ್ತಿತ್ತು. ಬಾಟಲಿ ತೆರೆದು ಬಹಳ ದಿನ ಆಗಿದೆ ಅಂತ ಮೂಗಿಗೇ ಗೊತ್ತಾಯಿತು. ಹೇಳಿದ ಮೇಲೆ ಬದಲಾಯಿಸಿದರು ನಿಜ. ಆದರೆ ಆ ಹುಡುಗನ ಮುಖ ಸಣ್ಣಗಾದದ್ದು ನೋಡಿ ನನಗೆ ನೋವಾಯಿತು. ತಪ್ಪು ಅವನದ್ದಲ್ಲ. ಅವನಿಗೆ ಯಾರೂ ಒಂದು ಗುಟುಕು ಕುಡಿಸಿ, ಇದು ಹೀಗಿದೆ, ಇದನ್ನು ಇದಕ್ಕೆ ಕೊಡು ಅಂತ ಹೇಳಿಲ್ಲ. ಇಲ್ಲಿ ಲಂಡನ್ನಿನ ಒಳ್ಳೆಯ ರೆಸ್ಟೋರೆಂಟುಗಳಲ್ಲಿ ಸಂಜೆ ಬಾಗಿಲು ತೆರೆಯುವ ಮುಂಚೆ ಬಡಿಸುವವರೆಲ್ಲ ನಿಂತುಕೊಂಡು ಆವತ್ತಿನ ಹೊಸ ಅಡುಗೆ, ಹೊಸ ವೈನ್ ರುಚಿ ನೋಡುವ ಪದ್ಧತಿ ಇದೆ. ಹತ್ತು ನಿಮಿಷದ ಕೆಲಸ.

ಇನ್ನೊಂದು ದೊಡ್ಡ ವ್ಯತ್ಯಾಸ ಕುಡಿಯುವ ಹೊತ್ತಿನದು. ನಮ್ಮ ಕಡೆ ಮೊದಲು ಕುಡಿತ, ನೆಂಚಿಕೊಳ್ಳಲು ಏನಾದರೂ ಒಂದಿಷ್ಟು, ಆಮೇಲೆ ಹನ್ನೊಂದು ಗಂಟೆಗೆ ಊಟ. ಊಟ ಬರುವಾಗ ಗ್ಲಾಸು ಎತ್ತಿಕೊಂಡು ಹೋಗಿರುತ್ತಾರೆ. 30, 60 ಮಿ.ಲೀ. ಪೆಗ್ಗಿನ ಲೆಕ್ಕಕ್ಕೆ ಅದು ಸರಿ. ವೈನಿಗೆ ಅದು ಒಗ್ಗಲ್ಲ. ವೈನಿನ ಹುಳಿ, ಒಗರು ಎಲ್ಲ ಇರುವುದೇ ತುತ್ತಿನ ಮಧ್ಯೆ ಕುಡಿಯಲು. ಬರೀ ಹೊಟ್ಟೆಯಲ್ಲಿ ಕುಡಿದು “ವೈನ್ ಅಂದ್ರೆ ಹುಳಿ ಕಣಯ್ಯ” ಅನ್ನುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೊದಲ ಗುಟುಕಿಗೆ ನಮ್ಮ ಭಾವನೂ ಹಾಗೇ ಅಂದಿದ್ದು ಅಲ್ವಾ?

ಬ್ರಿಟನ್ನಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಳತೆಯ ಕಟ್ಟುನಿಟ್ಟು. ಗ್ಲಾಸಿನಲ್ಲಿ ಮಾರುವ ವೈನ್ 125, 175 ಅಥವಾ ಅವುಗಳ ದುಪ್ಪಟ್ಟು, ಮುಪ್ಪಟ್ಟು ಇರಬೇಕು ಅಂತ ಕಾನೂನಿದೆ. 2010ರಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 125ರ ಸಣ್ಣ ಗ್ಲಾಸು ಕೊಡಲೇಬೇಕು ಅಂತಲೂ ಆಯಿತು. ಕೇಳಿದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು. ಅಕ್ಕ ಆವತ್ತು ಪೂರ್ತಿ ನಲ್ಲಿ ನೀರೇ ಕುಡಿದಳು, ಯಾರೂ ಮುಖ ಗಂಟು ಹಾಕಲಿಲ್ಲ. 12 ಪರ್ಸೆಂಟಿನ ವೈನ್ 125 ಮಿ.ಲೀ. ಕುಡಿದರೆ ಇಲ್ಲಿನ ಲೆಕ್ಕದಲ್ಲಿ ಒಂದೂವರೆ ಯೂನಿಟ್ (ಒಂದು ಯೂನಿಟ್ ಅಂದರೆ 10 ಮಿ.ಲೀ. ಶುದ್ಧ ಆಲ್ಕೋಹಾಲ್). ವಾರಕ್ಕೆ 14 ಯೂನಿಟ್ ದಾಟಬೇಡಿ ಅಂತ ಸರ್ಕಾರದ ವೈದ್ಯರು ಹೇಳುತ್ತಾರೆ. ಎಷ್ಟು ಕುಡಿದೆ ಅಂತ ಎಣಿಸುವುದು ಸುಲಭ.

ಆದರೆ ಲಂಡನ್ನಿನ ರೀತಿಯೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಆ ಆರು ವೈನಿನ ಪೇರಿಂಗ್ ನನಗೆ ಹಿಡಿಸುವುದಿಲ್ಲ. ಸಣ್ಣದಾಗಿ ಸುರಿದರೂ ಆರು ಸೇರಿದರೆ ಹೆಚ್ಚುಕಡಿಮೆ ಅರ್ಧ ಬಾಟಲಿ ಆಗುತ್ತದೆ. ನಾಲ್ಕನೆಯದು ಬರುವಷ್ಟರಲ್ಲಿ ನಾಲಿಗೆ ದಣಿದಿರುತ್ತದೆ. ಒಂದೊಂದಕ್ಕೂ ನಿಂತು ಬೆಟ್ಟದ ಕಥೆ, ಮಣ್ಣಿನ ಕಥೆ ಹೇಳುತ್ತಾರೆ, ಎದುರಿಗೆ ಮೀನು ಆರುತ್ತಿರುತ್ತದೆ. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಬಂದವರು ಒಬ್ಬರ ಜೊತೆ ಒಬ್ಬರು ಮಾತಾಡಬೇಕೋ ಬೇಡವೋ? ಮೂರು ಗ್ಲಾಸು ಸಾಕು. ಒಂದು ಹುಳಿ, ಒಂದು ಒಗರು, ಒಂದು ಸಿಹಿ. ಖರ್ಚೂ ಅರ್ಧಕ್ಕಿಂತ ಕಡಿಮೆ.

ಖಾರದ ಊಟಕ್ಕೆ ವೈನ್ ಒಗ್ಗಲ್ಲ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಇಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಕಡೆ ಕ್ವಿಲಾನ್ ಅಂತ ರೆಸ್ಟೋರೆಂಟ್ ಇದೆ, 1999ರಲ್ಲಿ ಶುರುವಾದದ್ದು. ಅದನ್ನು ಕಟ್ಟಿದ ಬಾಣಸಿಗ ಶ್ರೀರಾಮ್ ಐಲೂರು ಅದಕ್ಕೂ ಮೊದಲು ಬೆಂಗಳೂರಿನ ‘ಕರಾವಳಿ’ ರೆಸ್ಟೋರೆಂಟಿನಲ್ಲಿ ಅಡುಗೆ ಮಾಡಿದವರು. ತೆಂಗಿನಕಾಯಿ, ಮೆಣಸು, ಹುಳಿ ಹಾಕಿದ ನಮ್ಮ ಪಶ್ಚಿಮ ಕರಾವಳಿಯ ಊಟಕ್ಕೆ 2008ರಲ್ಲಿ ಮಿಶೆಲಿನ್ ನಕ್ಷತ್ರ ಬಂತು, ಮಿಶೆಲಿನ್ ಗೈಡ್ ಒಳ್ಳೆಯ ಅಡುಗೆಗೆ ಕೊಡುವ ದೊಡ್ಡ ಮನ್ನಣೆ ಅದು. ಆ ಊಟದ ಜೊತೆ ಜನ ವೈನ್ ಕುಡಿಯುತ್ತಲೇ ಇದ್ದಾರೆ. ತೆಂಗಿನ ಹಾಲು ಖಾರವನ್ನು ತಣಿಸುತ್ತದೆ, ಅಲ್ಲಿ ವೈನಿಗೆ ಜಾಗ ಸಿಗುತ್ತದೆ. ಹಾಗಂತ ಎಲ್ಲದಕ್ಕೂ ವೈನ್ ತುರುಕಬೇಕು ಅಂತಲ್ಲ. ಮುದ್ದೆ ಜೊತೆ ವೈನ್ ನನಗೆ ಸರಿಹೋಗಿಲ್ಲ. ಮುದ್ದೆ ನುಂಗುವ ಊಟ, ಸಾರು ಹೊಗೆಯಾಡುತ್ತಿರಬೇಕು. ಅದಕ್ಕೆ ಕೊನೆಗೊಂದು ಲೋಟ ಮಜ್ಜಿಗೆಯೇ ಸರಿ.

ರೆಸ್ಟೋರೆಂಟಿನವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಒಂದು ಬಾಟಲಿಯಲ್ಲಿ 750 ಮಿ.ಲೀ. ಇರುತ್ತದೆ. 150ರ ಹಾಗೆ ಸುರಿದರೆ ಐದು ಗ್ಲಾಸು. ಸೋಮವಾರ ಒಬ್ಬರೇ ಕೇಳಿದರೆ ಮಿಕ್ಕ ನಾಲ್ಕು ಗ್ಲಾಸು ಹಾಗೇ ಉಳಿಯುತ್ತದೆ. ತೆರೆದ ವೈನ್ ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ದಿನ ಅಷ್ಟೇ. ದುಬಾರಿ ವೈನಿಗೆ 2013ರಿಂದ ಕೊರಾವಿನ್ ಅನ್ನುವ ಉಪಕರಣ ಸಿಗುತ್ತಿದೆ. ಕಾರ್ಕ್ ತೆಗೆಯದೆ ಅದರೊಳಗೆ ಸಣ್ಣ ಸೂಜಿ ಇಳಿಸಿ ವೈನ್ ಸುರಿದುಕೊಳ್ಳಬಹುದು. ಸುರಿದಷ್ಟು ಜಾಗಕ್ಕೆ ಆರ್ಗಾನ್ ಅನಿಲ ಹೋಗುತ್ತದೆ, ಗಾಳಿ ತಾಗುವುದಿಲ್ಲ. ಆದರೆ ನಾಲ್ಕು ಸಾಧಾರಣ ವೈನ್ ಇಡುವವರಿಗೆ ಅದೂ ಬೇಕಿಲ್ಲ. ಬಾಟಲಿಯ ಕತ್ತಿನ ಮೇಲೆ ತೆರೆದ ತಾರೀಕು ಬರೆದಿಡಿ. ಮೂರನೇ ದಿನಕ್ಕೆ ಅದು ಅಡುಗೆಮನೆಗೆ ಹೋಗಲಿ. ಕೆಂಪು ವೈನನ್ನೂ ಕೊಡುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹೊರಗಿಟ್ಟ ವೈನ್ ಕುಡಿಯಲಾಗದು.

ಆ ನಾಲ್ಕು ವೈನ್ ಕರ್ನಾಟಕದ್ದೇ ಆಗಿರಲಿ ಅನ್ನುವುದು ನನ್ನ ಆಸೆ. ನಂದಿ ಬೆಟ್ಟದ ಕೆಳಗೆ ಗ್ರೋವರ್ ಅವರು 1988ರಲ್ಲೇ ವೈನ್ ದ್ರಾಕ್ಷಿಯ ತೋಟ ಶುರು ಮಾಡಿದರು. ಹಂಪಿ ಕಡೆ ಕೃಷ್ಮ ಅನ್ನುವ ವೈನ್ ಕಂಪನಿ ಇದೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೇ ತಂದಿತು, ವೈನ್ ಬೋರ್ಡ್ ಇದೆ, ಮೇಳಗಳು ನಡೆಯುತ್ತವೆ. ಮೇಳದಲ್ಲಿ ಬಾಟಲಿ ಕೊಂಡವರು ಅದನ್ನು ಯಾವ ಊಟಕ್ಕೆ ತೆರೆಯಬೇಕು ಅಂತ ತಿಳಿಯದೆ ಮನೆಯಲ್ಲಿ ವರ್ಷಗಟ್ಟಲೆ ಇಟ್ಟಿರುತ್ತಾರೆ. ರೆಸ್ಟೋರೆಂಟಿನ ಒಂದು ಸಣ್ಣ ಗ್ಲಾಸು ಅದನ್ನು ಕಲಿಸುತ್ತದೆ. ಅಲ್ಲಿನ ಪಟ್ಟಿಯಲ್ಲಿ ಯಾರೂ ಕಂಡಿರದ ಹಣ್ಣುಗಳ ಹೆಸರು ಬೇಡ. ಸಾವಿನ್ಯಾನ್ ಬ್ಲಾಂಕ್: ಹುಳಿ, ಹಸಿರು ವಾಸನೆ, ಕೋಸಂಬರಿಗೆ, ಹುರಿದ ಮೀನಿಗೆ. ಶಿರಾಜ್: ಒಗರು, ಕರಿಮೆಣಸಿನ ವಾಸನೆ, ಕುರಿ ಚಾಪ್ಸ್‌ಗೆ. ಇಷ್ಟು ಬರೆದರೆ ಸಾಕು. ಕನ್ನಡದಲ್ಲಿ ಬರೆಯಿರಿ. ಓದಿದ ತಕ್ಷಣ ಬಾಯಲ್ಲಿ ರುಚಿ ಬರುತ್ತದೆ.

ಊರಿಗೆ ವಾಪಸ್ ಹೋದ ಮೇಲೆ ಭಾವ ಒಂದು ದಿನ ಫೋನ್ ಮಾಡಿದ್ದರು. ಅವರ ಬೆಂಗಳೂರು ಬ್ಲೂ ಜ್ಯೂಸಿಗೆ, ಪೋರ್ಟ್ ತರಹದ ಸಿಹಿ ವೈನಿಗೆ ಹೋಗುವ ಹಣ್ಣು. “ಆ ಕೆಂಪು ವೈನಿನ ಒಗರು ನಮ್ಮ ಹಣ್ಣಲ್ಲಿ ಬರಲ್ಲ ಅಲ್ವೇನಪ್ಪಾ?” ಅಂತ ಕೇಳಿದರು. ಅಷ್ಟು ಬರಲ್ಲ ಭಾವ, ಅದರ ಜಾತಿಯೇ ಬೇರೆ ಅಂದೆ. ಸ್ವಲ್ಪ ಯೋಚನೆ ಮಾಡಿದರು. ದೊಡ್ಡಬಳ್ಳಾಪುರದ ಕಡೆ ಆ ಜಾತಿ ಬೆಳೆಯುವ ಒಬ್ಬರು ಪರಿಚಯ ಇದ್ದಾರಂತೆ. ಈ ಡಿಸೆಂಬರ್‌ನಲ್ಲಿ ನಾನು ಬಂದಾಗ ಇಬ್ಬರೂ ಹೋಗಿ ಆ ಬಳ್ಳಿ ನೋಡಿಕೊಂಡು ಬರೋಣ ಅಂದಿದ್ದಾರೆ.