ಮೂರು ನಿಮಿಷದ ಮೈಕು

ಕಳೆದ ಸೋಮವಾರ ಅಮೆರಿಕದ ಯೂನಿವರ್ಸಿಟಿ ಊರು ಆನ್ ಆರ್ಬರ್‌ನ ನಗರಸಭೆಯಲ್ಲಿ ಮೂರು ನಿಮಿಷ ಮಾತಾಡಿದೆ. ನನಗೆ ಇಲ್ಲಿ ಓಟಿಲ್ಲ, ಪೌರತ್ವವೂ ಇಲ್ಲ. ಬೆಳಗ್ಗೆ ಫೋನ್ ಮಾಡಿ ಹೆಸರು ಬರೆಸಿದೆ, ಸಂಜೆ ಕರೆದರು, ಅಷ್ಟೆ. ನಮ್ಮ ಬೀದಿಯ ಮಕ್ಕಳು ರಸ್ತೆ ದಾಟುವ ಕಡೆ ಒಂದು ದೀಪ ಬೇಕಿತ್ತು. ಎದುರಿಗೆ ಮೇಯರ್ ಸೇರಿ 11 ಜನ. ಕೈಯಲ್ಲಿದ್ದ ಚೀಟಿ ನಡುಗುತ್ತಿತ್ತು. ಒಬ್ಬ ಸದಸ್ಯೆ ನಾನು ಹೇಳಿದ ಬೀದಿಯ ಹೆಸರನ್ನು ಬರೆದುಕೊಂಡರು, ಸ್ಪೆಲಿಂಗ್ ಕೇಳಿ ತಿದ್ದಿಕೊಂಡರು. ನನ್ನ ನಂತರ ಒಬ್ಬಳು ಕಾಲೇಜು ಹುಡುಗಿ ಬಾಡಿಗೆ ಮನೆಗಳ ಬಗ್ಗೆ ಮಾತಾಡಿದಳು. ಅವಳಿಗೂ ಅಷ್ಟೇ ಹೊತ್ತು, ಅಷ್ಟೇ ಗಮನ.

ಖುಷಿ ತಡೆಯದೆ ಮೈಸೂರಿಗೆ ಫೋನ್ ಮಾಡಿದೆ. ಅಪ್ಪ ಆಗಷ್ಟೇ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದಿದ್ದರು. ಮೊದಲು ಕೇಳಿದ್ದು, "ಯಾರ ಕಡೆಯಿಂದ ಹೇಳಿಸಿದೆ?" ಆ ಮಾತು ಚುಚ್ಚಿತು. ನಲವತ್ತು ವರ್ಷ ಊರಿನಲ್ಲಿ ತೆರಿಗೆ ಕಟ್ಟಿದ ಮನುಷ್ಯ ಅವರು.

ಮೈಸೂರೂ 1916ರಿಂದ ಯೂನಿವರ್ಸಿಟಿ ಊರೇ ಅಲ್ವಾ? ಓದಿದವರಿಗೆ ಬರವಿಲ್ಲ, ಮಾತಾಡುವವರಿಗೂ ಇಲ್ಲ. ಆದರೆ 65 ವಾರ್ಡುಗಳ ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು, ಚುನಾವಣೆ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಊರು ಅಧಿಕಾರಿಗಳ ಕೈಗೆ ಹೋಯಿತು. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲ ಮಾಡಲು ಹೈದರಾಲಿ ರಸ್ತೆಯ 40 ಮರ ಕಡಿದರು. ಅಪ್ಪ ವಾಟ್ಸಾಪ್‌ನಲ್ಲಿ ಒಂದು ಬುಡದ ಫೋಟೋ ಕಳಿಸಿದ್ದರು. ಹಸಿ ಗಾಯದ ಹಾಗಿತ್ತು, ಸುತ್ತ ಮರದ ಪುಡಿ. ಜನ ಬೀದಿಗೆ ಬಂದರು, ಮೇಣದಬತ್ತಿ ಹಿಡಿದು ನಿಂತರು. ಎಲ್ಲವೂ ಕಡಿದ ಮೇಲೆ. ನಮ್ಮವರಿಗೆ ಊರಿನ ಕಾಳಜಿ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಡಿಯುವ ಮುಂಚೆ ಹೋಗಿ ನಿಲ್ಲಲು ಒಂದು ಮೈಕು ಇಲ್ಲ, ಅದೇ ನನ್ನ ಸಂಕಟ. ಮೂರು ಲಕ್ಷಕ್ಕಿಂತ ಜಾಸ್ತಿ ಜನರಿರುವ ಊರಿಗೆ ವಾರ್ಡ್ ಸಮಿತಿ ಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ. ನಮ್ಮ ಬೀದಿಯಲ್ಲಿ ಅಂಥ ಸಭೆಗೆ ಯಾರನ್ನೂ ಕರೆದದ್ದು ಅಪ್ಪನಿಗೆ ನೆನಪಿಲ್ಲ.

ಇಲ್ಲೂ ಎಲ್ಲ ಸರಿಯಿಲ್ಲ, ಹೇಳಲೇಬೇಕು. ನಗರಸಭೆಯ ನಿಜವಾದ ಪೈಪೋಟಿ ಆಗಸ್ಟ್‌ನ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಮತದಾನದಲ್ಲೇ, ಮುಗಿದುಹೋಗುತ್ತದೆ. ಆಗ ಬಹಳಷ್ಟು ವಿದ್ಯಾರ್ಥಿಗಳು ರಜೆಗೆ ಹೋಗಿರುತ್ತಾರೆ. ಊರಿನ ತುಂಬ ಜಾಗ ಹಿಡಿದಿರುವ ಯೂನಿವರ್ಸಿಟಿ ಆಸ್ತಿ ತೆರಿಗೆ ಕಟ್ಟುವುದಿಲ್ಲ. ನನ್ನ ವಾರ್ಡಿನ ಇಬ್ಬರು ಸದಸ್ಯರಿಗೂ ನನ್ನ ಮನೆ ಯಾವುದೆಂದು ಗೊತ್ತಿಲ್ಲ.

ಅಜ್ಜಿ ತೀರಿಕೊಂಡ ದಿನ ನಮ್ಮ ನಲ್ಲಿಯಲ್ಲಿ ನೀರಿರಲಿಲ್ಲ. ಯಾರೂ ಹೇಳದೆ ಕಾರ್ಪೊರೇಟರ್ ಟ್ಯಾಂಕರ್ ಕಳಿಸಿದ್ದರು. ತಾವೇ ಬಂದು, ಹೆಣ ಎತ್ತುವವರೆಗೂ ಗೇಟಿನ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದರು. ಈಗ ಅವರೂ ಮಾಜಿ. ನೀರು ನಿಂತರೆ ಅಪ್ಪ ಇವತ್ತಿಗೂ ಮೊದಲು ಫೋನ್ ಮಾಡುವುದು ಅವರಿಗೇ.