ಸೋತವರಿಗೆ ಒಂದು ಅಂಕ ಯಾಕೆ?

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಅಂಕಪಟ್ಟಿ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. 60 ನಿಮಿಷದೊಳಗೆ ಗೆದ್ದರೂ 2 ಅಂಕ, ಸಮವಾದ ಮೇಲಿನ ಓವರ್‌ಟೈಮ್ (ಹೆಚ್ಚುವರಿ ಆಟ) ಅಥವಾ ಶೂಟೌಟ್‌ನಲ್ಲಿ (ಒಬ್ಬೊಬ್ಬರಾಗಿ ಗೋಲಿಗೆ ಹೊಡೆಯುವುದು) ಗೆದ್ದರೂ ಅದೇ 2. ಆದರೆ ಹಾಗೆ ತಡವಾಗಿ ಸೋತವರಿಗೂ 1 ಸಿಗುತ್ತದೆ. ಅಂದರೆ ಒಂದು ಪಂದ್ಯದ ಬೆಲೆ 2, ಇನ್ನೊಂದರದ್ದು 3. ಇದು ಯಾವ ಲೆಕ್ಕ? ಹಾಗಾಗಿಯೇ ಮೂರನೇ, ಅಂದರೆ ಕೊನೆಯ ಪೀರಿಯಡ್‌ನ ಕೊನೆಗೆ ಸ್ಕೋರ್ ಸಮವಾಗಿದ್ದರೆ ಎರಡೂ ತಂಡಗಳು ಪಕ್ (ಆಟದ ಬಿಲ್ಲೆ) ಕಾಪಾಡಿಕೊಂಡು ಹೊತ್ತು ಕಳೆಯುತ್ತವೆ.

2017–18ರಲ್ಲಿ ಫ್ಲಾರಿಡಾ ಪ್ಯಾಂಥರ್ಸ್, ನ್ಯೂಜೆರ್ಸಿ ಡೆವಿಲ್ಸ್ ಎರಡೂ 82ರಲ್ಲಿ 44 ಪಂದ್ಯ ಗೆದ್ದವು. ಸೋತು ಗಳಿಸಿದ ಅಂಕ ಡೆವಿಲ್ಸ್‌ಗೆ 9, ಪ್ಯಾಂಥರ್ಸ್‌ಗೆ 8. 97 ಇದ್ದವರು ಪ್ಲೇಆಫ್‌ಗೆ, 96 ಇದ್ದವರು ಮನೆಗೆ. ಆರು ತಿಂಗಳ ದುಡಿಮೆ ಒಂದೇ ಒಂದು ಸೋಲಿನ ಅಂಕಕ್ಕೆ ಬಲಿ!

ಅದೇ ಪ್ಲೇಆಫ್ ಶುರುವಾದರೆ ಲೀಗ್ ಹಂತದಲ್ಲಿರುವ ಮೂರು ಮೂರು ಸ್ಕೇಟರ್‌ಗಳ (ಗೋಲ್‌ಕೀಪರ್ ಬಿಟ್ಟು ಉಳಿದ ಆಟಗಾರರ) ಓವರ್‌ಟೈಮೂ ಇಲ್ಲ, ಶೂಟೌಟೂ ಇಲ್ಲ. ಗೋಲು ಬೀಳುವವರೆಗೆ ಐದೈದು ಸ್ಕೇಟರ್‌ಗಳು, 20 ನಿಮಿಷದ ಪೀರಿಯಡ್‌ಗಳು. ಅಪ್ಪಟ ಹಾಕಿ. ಅಲ್ಲಿಗೆ ಹೋಗುವ ದಾರಿ ಮಾತ್ರ ಬೇರೆ ಆಟದ್ದು.

ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನೇರ ಗೆಲುವಿಗೆ 3, ತಡವಾದ ಗೆಲುವಿಗೆ 2, ತಡವಾದ ಸೋಲಿಗೆ 1. ಪ್ರತಿ ಪಂದ್ಯಕ್ಕೂ ಮೂರೇ ಅಂಕ. ಇದನ್ನು ತರಲು ಏನು ಕಷ್ಟ?